ಯಾರದೋ ದಣಿವು, ಯಾರದೋ ನಿದ್ದೆ

ಮಧ್ಯಾಹ್ನ ಎರಡಕ್ಕೆ ಇನ್ನೂ ಇಪ್ಪತ್ತು ನಿಮಿಷವಿದೆ ಎನ್ನುವಾಗಲೇ ದಾವಣಗೆರೆಯ ಹಾಲವ್ವ ಸ್ಮಾರಕ ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆಯ ಮುಂದೆ ನರ್ಸುಗಳ ಸಾಲು ಶುರುವಾಗುತ್ತಿತ್ತು. ಕೋಣೆಯೊಳಗಿದ್ದದ್ದು ಒಂದೇ ಒಂದು ಕುರ್ಚಿ. ನೋಡಲು ಹಲ್ಲಿನ ಡಾಕ್ಟರ ಕುರ್ಚಿಯ ಹಾಗೇ ಇತ್ತು. ಮೇಲಿನಿಂದ ಬಿಳಿಯ ಟೊಪ್ಪಿಗೆಯೊಂದು ಮಾತ್ರ ಇಳಿಬಿದ್ದಿತ್ತು. ಬೆಳಗಿನ ಡ್ಯೂಟಿ ಮಾಡಿದ ನರ್ಸು ಕಾಲೆಳೆದುಕೊಂಡು ಬಂದು ಅದರಲ್ಲಿ ಕೂತು ಟೊಪ್ಪಿಗೆ ಹಾಕಿಕೊಂಡರೆ ಆರೇ ನಿಮಿಷ. ಏಳನೆಯ ನಿಮಿಷಕ್ಕೆ ಅವಳು ಈಗತಾನೆ ಎಣ್ಣೆನೀರು ಹಾಕಿಕೊಂಡು ಬಂದವಳ ಹಾಗೆ ಹಗುರಾಗಿ ಎದ್ದು ನಡೆಯುತ್ತಿದ್ದಳು. ಅದೇ ಹೊತ್ತಿಗೆ ಮೂರನೆಯ ಮಹಡಿಯ ನಿದ್ರಾಗಾರದಲ್ಲಿ, ವರ್ಷಗಟ್ಟಲೆ ಕಣ್ಣಿಗೆ ಕಣ್ಣು ಹತ್ತದ ಯಾರೋ ಒಬ್ಬರು ದೊಡ್ಡದಾಗಿ ಆಕಳಿಸಿ, ಮಗ್ಗುಲಾಗಿ, ಗೊರಕೆ ಹೊಡೆಯತೊಡಗುತ್ತಿದ್ದರು.

ಈ ಯಂತ್ರಕ್ಕೆ ಶ್ರಮಾಂತರಕ ಎಂದು ಹೆಸರು. ನರ್ಸುಗಳ ಬಾಯಲ್ಲಿ ಅದು ‘ಹಿಂಡೋ ಕುರ್ಚಿ’. ಕಂಡುಹಿಡಿದವರು ಅದೇ ಆಸ್ಪತ್ರೆಯ ಮಿದುಳು ವಿಜ್ಞಾನಿ ಡಾ. ಅಣಜಿ. ದಣಿವು ಕಾಲಿನಲ್ಲೋ ಸೊಂಟದಲ್ಲೋ ಇರುತ್ತದೆಂದು ನಾವೆಲ್ಲ ತಿಳಿದಿದ್ದೇವಲ್ಲ, ಅದು ತಪ್ಪು ಎನ್ನುತ್ತಿದ್ದರು ಅವರು. ಅಲ್ಲಿರುವುದು ಬರೀ ನೋವು. ‘ನಾನು ದಣಿದೆ’ ಎಂದು ತೀರ್ಮಾನ ಕೊಡುವುದು ಮಿದುಳು. ಮಿದುಳಿನ ಆಳದಲ್ಲಿ ನರಕೋಶಗಳ ಒಂದು ಗುಂಪು ದಿನವಿಡೀ ಮಿಡಿಯುತ್ತಿರುತ್ತದೆ. ಕೆಲಸ ಏರಿದಷ್ಟೂ ಆ ಮಿಡಿತ ಭಾರವಾಗುತ್ತದೆ. ಇದನ್ನು ಅವರು ಬಳಲಿಕೆಲಯ ಎಂದು ಕರೆದರು. ಸುಮ್ಮನೆ ಅಳಿಸಿದರೆ ಆ ಲಯ ಅರ್ಧ ಗಂಟೆಯಲ್ಲಿ ಮತ್ತೆ ಹುಟ್ಟುತ್ತದೆ. ಇನ್ನೊಂದು ಮಿದುಳು ಅದನ್ನು ತನ್ನದೆಂದು ಹಿಡಿದುಕೊಂಡರೆ ಮಾತ್ರ ಮೊದಲನೆಯದು ಬಿಟ್ಟುಕೊಡುತ್ತದೆ. ಹಾಗಾಗಿ ದಣಿವು ಕೊಡುವವಳು ದಾನಿ, ಪಡೆಯುವವರು ಗ್ರಾಹಿ. ನಿದ್ದೆ ಬಾರದವರಿಗೆ ದಣಿವಿಗಿಂತ ಒಳ್ಳೆಯ ಔಷಧಿ ಇನ್ನೇನಿದೆ ಹೇಳಿ!

ಆಸ್ಪತ್ರೆಯ ಆಡಳಿತ ಮಂಡಳಿಯವರಿಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಆ ವರ್ಷ ಎಂಟು ಜನ ನರ್ಸುಗಳು ಕೆಲಸ ಬಿಟ್ಟಿದ್ದರು. ಒಬ್ಬಳು ಔಷಧಿಯ ಟ್ರೇ ಹಿಡಿದುಕೊಂಡೇ ಕುಸಿದಿದ್ದಳು. ಇನ್ನೊಬ್ಬಳು ಯೂನಿಫಾರ್ಮ್ ಹಾಕಿಕೊಂಡು ಬಸ್ ಸ್ಟಾಪಿನವರೆಗೆ ಬಂದು, ಅಲ್ಲೇ ನಿಂತು ಅತ್ತು, ಮನೆಗೆ ಹೋದವಳು ಮತ್ತೆ ಬರಲೇ ಇಲ್ಲ. ಹೊಸಬರನ್ನು ನೇಮಿಸಿ ಎಂದು ನರ್ಸುಗಳ ಮೇಲ್ವಿಚಾರಕಿ ಮೇಟ್ರನ್ ಬರೆದ ಪತ್ರಗಳಿಗೆ ಉತ್ತರವಾಗಿ ಬಂದದ್ದು ಈ ಕುರ್ಚಿ. ‘ಈಗ ದಣಿವೇ ಇಲ್ಲವಲ್ಲ, ವಾರಕ್ಕೆ ಎರಡು ಡಬಲ್ ಡ್ಯೂಟಿ ಮಾಡಿ’ ಎಂಬ ಆದೇಶವೂ ಅದರ ಹಿಂದೆಯೇ ಬಂತು.

ಹೆಂಗಸರ ವಾರ್ಡಿನ ದ್ರಾಕ್ಷಾಯಿಣಿ ಸಿಸ್ಟರಿಗೆ ಆದೇಶ ಕಹಿ, ಕುರ್ಚಿ ಸಿಹಿ. ಇಪ್ಪತ್ತೆರಡು ವರ್ಷ ಅದೇ ವಾರ್ಡಿನ ಇಪ್ಪತ್ತನಾಲ್ಕು ಹಾಸಿಗೆಗಳ ನಡುವೆ ಓಡಾಡಿದ ಹೆಂಗಸು. ರೋಗಿಗಳಿಗೆಲ್ಲ ಆಕೆ ದ್ರಾಕ್ಷಮ್ಮ. ‘ದ್ರಾಕ್ಷಮ್ಮ ಇದ್ದರೆ ಅರ್ಧ ಕಾಯಿಲೆ ವಾಸಿ’ ಎಂಬ ಮಾತು ಆ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿತ್ತು, ಆಕೆಯ ಕಿವಿಗೂ ಬೀಳುತ್ತಿತ್ತು, ಬಿದ್ದಾಗ ಆಕೆ ಕೇಳಿಸದವಳಂತೆ ನಟಿಸುತ್ತಿದ್ದಳು. ಆದರೆ ಕಳೆದ ಎರಡು ವರ್ಷಗಳಲ್ಲಿ ಆಕೆಯ ಮೈಯಲ್ಲಿ ಮೈಯಿರಲಿಲ್ಲ. ಮನೆಗೆ ಹೋದರೆ ಸಾರಿಗೆ ಎರಡು ಸಲ ಉಪ್ಪು, ಗಂಡ ಏನಾದರೂ ಕೇಳಿದರೆ ಸಿಡುಕು. ಕುರ್ಚಿ ಬಂದ ಮೇಲೆ ಅದೆಲ್ಲ ಹೋಯಿತು. ವರ್ಷದ ಮೇಲೆ ಹೋಳಿಗೆ ಮಾಡಿದಳು. ಗಂಡ ಬಸವಲಿಂಗಪ್ಪ ಎರಡು ಹೋಳಿಗೆ ತಿಂದು, ‘ಆ ಡಾಕ್ಟ್ರ ಹೊಟ್ಟೆ ತಣ್ಣಗಿರಲಿ’ ಎಂದು ಹರಸಿದ.

ಕುರ್ಚಿಯ ಜೊತೆ ಬಂದ ಸೂಚನೆಯ ಹಾಳೆಯಲ್ಲಿ ‘ಮೊದಲು ಓವರ್ ಕೊಡಿ, ಆಮೇಲೆ ಕುರ್ಚಿಗೆ ಬನ್ನಿ’ ಎಂದು ಬರೆದಿತ್ತು. ಓವರ್ ಕೊಡುವುದೆಂದರೆ, ಡ್ಯೂಟಿ ಮುಗಿಸುವ ನರ್ಸು ಡ್ಯೂಟಿಗೆ ಬಂದವಳ ಜೊತೆ ಹಾಸಿಗೆಯಿಂದ ಹಾಸಿಗೆಗೆ ನಡೆದು, ಈಕೆಗೆ ಏನು ಕೊಟ್ಟಿದೆ, ಏನು ನೋಡಿಕೊಳ್ಳಬೇಕು ಎಂದು ಒಪ್ಪಿಸುವುದು. ಆದರೆ ಓವರ್ ಮುಗಿಸಿ ಬಂದರೆ ಸಾಲು ಬೆಳೆದು, ಎರಡೂಕಾಲರ ಸಿಟಿ ಬಸ್ಸು ಹೊರಟೇಹೋಗಿರುತ್ತಿತ್ತು. ಚಾಲಕನಿಲ್ಲದ ಬಸ್ಸುಗಳು ಬಂದ ಮೇಲೆ ‘ಒಂಚೂರು ನಿಲ್ಲಿಸಪ್ಪ’ ಎಂದು ಕೂಗಿದರೆ ಕೇಳುವವರು ಯಾರು? ಹಾಗಾಗಿ ಎಲ್ಲರೂ ಮೊದಲು ಕುರ್ಚಿಯಲ್ಲಿ ಹಿಂಡಿಸಿಕೊಂಡು, ಆಮೇಲೆ ವಾರ್ಡಿಗೆ ಬಂದು ಓವರ್ ಕೊಟ್ಟು, ಅಲ್ಲಿಂದಲೇ ಬಸ್ಸಿಗೆ ಓಡುತ್ತಿದ್ದರು. ನೆನಪೇನೂ ಹೋಗುವುದಿಲ್ಲವಲ್ಲ, ಹಿಂದೆ ಮುಂದೆ ಆದರೇನಂತೆ ಎಂಬುದು ಅವರ ವಾದ. ಡಾ. ಅಣಜಿ ನೋಡಿಯೂ ಸುಮ್ಮನಿದ್ದರು. ಅವರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಗ್ರಾಹಿ ಯಾರೆಂದು ದಾನಿಗೆ ಹೇಳಬಾರದೆಂಬ ನಿಯಮವಿತ್ತು. ಆಸ್ಪತ್ರೆಯಲ್ಲಿ ಗುಟ್ಟು ನಿಲ್ಲುವುದುಂಟೇ! ಯಂತ್ರ ನಡೆಸುವ ಲಿಂಗರಾಜು ಒಂದು ದಿನ ತಾನಾಗಿಯೇ ಬಾಯಿಬಿಟ್ಟ.

‘ಸಿಸ್ಟರ್, ನಿಮ್ ದಣಿವು ಅಂದ್ರೆ ಅಂಬುಜಾಕ್ಷಿ ಮೇಡಂಗೆ ಪಂಚಪ್ರಾಣ ನೋಡ್ರಿ. ಬೇರೆಯವರದ್ದು ಕೊಟ್ರೆ ಒಂದು ಗಂಟೆಗೆ ಎದ್ದು ಕೂರ್ತಾರೆ. ನಿಮ್ದು ಕೊಟ್ರೆ ಮೂರು ಗಂಟೆ ಕುಂಭಕರ್ಣನ ನಿದ್ದೆ.’

ಕುತೂಹಲ ತಡೆಯದೆ ದ್ರಾಕ್ಷಾಯಿಣಿ ಮೂರನೆಯ ಮಹಡಿಗೆ ಹೋಗಿ ಗಾಜಿನಿಂದ ಇಣುಕಿದಳು. ಅರುವತ್ತರ ಹತ್ತಿರದ, ದುಂಡುಮುಖದ ಹೆಂಗಸು. ನಿವೃತ್ತ ಹೈಸ್ಕೂಲು ಟೀಚರಂತೆ, ಗಂಡ ತೀರಿಕೊಂಡು ಆರು ವರ್ಷವಂತೆ, ಅಂದಿನಿಂದ ನಿದ್ದೆಯಿಲ್ಲವಂತೆ. ಬಾಯಿ ಅರ್ಧ ತೆರೆದು, ಒಂದು ಕೈ ಕೆನ್ನೆಯಡಿ ಇಟ್ಟು, ಆ ಹೆಂಗಸು ಮಲಗಿದ್ದ ಸುಖವನ್ನು ನೋಡಬೇಕಿತ್ತು! ಪಾಪ ಎನ್ನಿಸಬೇಕಾದಲ್ಲಿ ದ್ರಾಕ್ಷಾಯಿಣಿಗೆ ಹೊಟ್ಟೆಕಿಚ್ಚಾಯಿತು. ಕುರ್ಚಿ ಬಂದಾಗಿನಿಂದ ಆಕೆಗೆ ಆಯಾಸವೇನೋ ಇರಲಿಲ್ಲ, ಆದರೆ ಇಂಥ ನಿದ್ದೆಯೂ ಇರಲಿಲ್ಲ. ಮೈ ದಣಿಯದೆ ನಿದ್ದೆ ಎಲ್ಲಿಂದ ಬರಬೇಕು? ಅದು ನನ್ನ ನಿದ್ದೆ, ನಾನು ದುಡಿದು ಗಳಿಸಿದ್ದು, ಇವಳು ಮಲಗಿ ಉಣ್ಣುತ್ತಿದ್ದಾಳೆ ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ ತನಗೇ ನಾಚಿಕೆಯಾಗಿ ಮೆಟ್ಟಿಲಿಳಿದು ಬಂದಳು.

ಅಲ್ಲಿಗೇ ಮುಗಿದಿದ್ದರೆ ಹೊಟ್ಟೆಕಿಚ್ಚೂ ತಾನಾಗಿಯೇ ಆರುತ್ತಿತ್ತೇನೋ. ಆದರೆ ಮುಂದಿನ ಡಬಲ್ ಡ್ಯೂಟಿಯ ದಿನ ಸಂಜೆ ಐದಕ್ಕೆ ಅದೇ ಹೆಂಗಸು ವಾರ್ಡಿನ ಬಾಗಿಲಲ್ಲಿ ಬಂದು ನಿಂತಿತು. ಕಣ್ಣು ನಿದ್ದೆಯಿಂದ ಊದಿದ್ದವು. ಕೂದಲು ಕೆದರಿತ್ತು.

‘ಯಾರನ್ನ ನೋಡ್ಬೇಕಿತ್ತಮ್ಮ?’ ದ್ರಾಕ್ಷಾಯಿಣಿ ಗೊತ್ತಿಲ್ಲದವಳಂತೆ ಕೇಳಿದಳು.

‘ಯಾರನ್ನ ಅಂತ ನಂಗೂ ಗೊತ್ತಿಲ್ಲ ಸಿಸ್ಟರ್. ಎದ್ದಾಗಿಂದ ಮನಸ್ಸು ತಡೀತಿಲ್ಲ. ಇಲ್ಲಿ ಯಾರೋ ಊಟ ಬಿಟ್ಟಿದಾರೆ ಅಂತ ಅನ್ನಿಸ್ತಿದೆ.’

ಏಳನೆಯ ಹಾಸಿಗೆಯ ಕೆಂಚವ್ವ ಎರಡು ಹೊತ್ತಿನಿಂದ ಊಟ ಮುಟ್ಟಿರಲಿಲ್ಲ. ದ್ರಾಕ್ಷಾಯಿಣಿಗೆ ಅದು ಗೊತ್ತಿತ್ತು, ಕೇಸ್‌ಶೀಟಿನಲ್ಲಿ ಬರೆದೂ ಇದ್ದಳು. ಬರೆದಿದ್ದಳು, ಅಷ್ಟೇ. ಅಂಬುಜಾಕ್ಷಿ ನೆಟ್ಟಗೆ ಹೋಗಿ ಕೆಂಚವ್ವನ ಹಾಸಿಗೆಯ ಅಂಚಿನಲ್ಲಿ ಕೂತು, ‘ಯಾಕವ್ವ, ಸಪ್ಪೆ ಊಟ ಸೇರಲ್ವಾ?’ ಎಂದು ಕೇಳಿದರು. ಮುದುಕಿಯ ಕಣ್ಣಲ್ಲಿ ನೀರು ಬಂತು.

ಮರುದಿನ ಅಂಬುಜಾಕ್ಷಿ ಹೆಸರುಬೇಳೆ ಹಾಕಿದ ಮೆತ್ತನೆಯ ನುಚ್ಚು ತಂದರು. ಅದರ ಮರುದಿನ ಮೂರನೆಯ ಹಾಸಿಗೆಯ ಹುಡುಗಿಯ ಜಡೆ ಹೆಣೆದರು. ಹತ್ತೊಂಬತ್ತನೆಯ ಹಾಸಿಗೆಯವಳ ಗಂಡ ನೋಡಲು ಬಂದಿಲ್ಲವೆಂದು ಅವನಿಗೆ ಫೋನು ಮಾಡಿ ಚೆನ್ನಾಗಿ ಬೈದರು. ಒಂದು ವಾರದಲ್ಲಿ ವಾರ್ಡಿಗೆ ವಾರ್ಡೇ ‘ಟೀಚರಮ್ಮ ಬಂದ್ರಾ?’ ಎಂದು ಕೇಳುವಂತಾಯಿತು. ಔಷಧಿ ಕೊಡಲು ಹೋದ ದ್ರಾಕ್ಷಾಯಿಣಿಗೆ ಕೆಂಚವ್ವ ಹೇಳಿದಳು:

‘ಬಂಗಾರದಂಥ ಹೆಣ್ಮಗಳು ಕಣವ್ವ ಆಯಮ್ಮ. ನೀನೂ ಮೊದ್ಲು ಹಂಗೇ ಇದ್ದೆ.’

ಮೊದ್ಲು! ಆ ಒಂದು ಮಾತು ದ್ರಾಕ್ಷಾಯಿಣಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಬೆಳಗ್ಗೆ ಎಂಟರಿಂದ ಓಡಾಡಿ ಕಾಲು ಸವೆಸುವವಳು ನಾನು, ಕಕ್ಕ ಉಚ್ಚೆ ಬಾಚುವವಳು ನಾನು, ಸಂಜೆ ಹಾಯಾಗಿ ನಿದ್ದೆ ಮುಗಿಸಿ ಬಂದು ತಲೆ ಸವರಿ ಹೆಸರು ತಗೊಳ್ಳೋಳು ಇವಳು! ಗಂಡನ ಮುಂದೆ ಹೇಳಿಕೊಂಡರೆ ಅವನು ‘ಹೋಗ್ಲಿ ಬಿಡು, ನಿನ್ ಕೆಲ್ಸನೇ ಕಡಿಮೆ ಆಯ್ತಲ್ಲ’ ಎಂದ. ಗಂಡಸರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು?

ಕೊನೆಗೆ ಡಾ. ಅಣಜಿಯ ಕೋಣೆಗೇ ಹೋದಳು.

‘ಡಾಕ್ಟ್ರೇ, ನನ್ನ ಪೇಷಂಟುಗಳ ವಿಷಯ ಆ ಟೀಚರಮ್ಮಂಗೆ ಹೆಂಗೆ ಗೊತ್ತಾಗುತ್ತೆ? ದಣಿವಿನ ಜೊತೆ ಬೇರೆ ಏನೂ ಹೋಗಲ್ಲ ಅಂದಿದ್ರಲ್ಲ?’

ಡಾ. ಅಣಜಿ ನಕ್ಕರು. ‘ಸಾಧ್ಯನೇ ಇಲ್ಲ ಸಿಸ್ಟರ್. ಹೋಗೋದು ಲಯ, ವಿಷಯ ಅಲ್ಲ. ಪಕ್ಕದ ಮನೇಲಿ ಯಾರೋ ತಬಲಾ ಬಾರಿಸ್ತಾರೆ ಅಂದ್ಕೊಳ್ಳಿ. ಗೋಡೆ ಆಚೆ ತಾಳ ಕೇಳುತ್ತೆ, ಹಾಡಿನ ಅರ್ಥ ಕೇಳುತ್ತಾ?’

‘ದಿನಾ ಕೇಳಿದ್ರೆ ತಾಳದ ಮೇಲೇ ಯಾವ ಹಾಡು ಅಂತ ಗೊತ್ತಾಗಲ್ವಾ ಡಾಕ್ಟ್ರೇ?’

ಡಾಕ್ಟರು ಮತ್ತೆ ನಕ್ಕು ಮುಂದಿದ್ದ ಕಾಗದಗಳತ್ತ ತಿರುಗಿದರು. ಆಕೆಗೆ ಬೇಕಾಗಿದ್ದದ್ದು ಉತ್ತರವೂ ಅಲ್ಲ. ಅಲ್ಲಿಂದ ನೇರವಾಗಿ ಮೇಟ್ರನ್ ಬಳಿ ಹೋಗಿ, ಹೊರಗಿನವರು ಹೊತ್ತಲ್ಲದ ಹೊತ್ತಲ್ಲಿ ವಾರ್ಡಿಗೆ ಬರುತ್ತಾರೆ, ಮನೆಯ ಊಟ ತಿನ್ನಿಸುತ್ತಾರೆ, ನಾಳೆ ಸೋಂಕಾದರೆ ಯಾರು ಹೊಣೆ ಎಂದು ದೂರು ಕೊಟ್ಟಳು. ದೂರಿನ ಒಂದೊಂದು ಅಕ್ಷರವೂ ನಿಯಮದಂತೆ ಸರಿಯಾಗಿತ್ತು. ಮರುದಿನದಿಂದ ವಾರ್ಡಿನ ಬಾಗಿಲಲ್ಲಿ ಕಾವಲುಗಾರ ಹಾಲೇಶಪ್ಪ ಅಂಬುಜಾಕ್ಷಿಯವರನ್ನು ತಡೆದು ನಿಲ್ಲಿಸಿದ. ಅವರು ನುಚ್ಚಿನ ಡಬ್ಬಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು ಹೋದರಂತೆ. ಕೇಳಿ ದ್ರಾಕ್ಷಾಯಿಣಿಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ತುಂಬ ಸಂತೋಷವಾಯಿತು.

ಇದಾದ ನಾಲ್ಕನೆಯ ದಿನದ ಮಾತು. ಹದಿನಾಲ್ಕನೆಯ ಹಾಸಿಗೆಯಲ್ಲಿ ನಸೀಮಾ ಎಂಬ ಇಪ್ಪತ್ಮೂರರ ಹುಡುಗಿ ಇದ್ದಳು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ಡೆಂಗಿ ಜ್ವರವೆಂದು ಸೇರಿಸಿದ್ದರು. ಆ ಬೆಳಗ್ಗೆ ಜ್ವರ ಬಿಟ್ಟಿತ್ತು. ಅವಳ ಅಮ್ಮ ಖುಷಿಯಿಂದ ವಾರ್ಡಿಗೆಲ್ಲ ಖರ್ಜೂರ ಹಂಚಿದಳು. ಮಧ್ಯಾಹ್ನ ಒಂದೂವರೆಗೆ ಹೊದಿಕೆ ಸರಿಮಾಡುವಾಗ ದ್ರಾಕ್ಷಾಯಿಣಿಯ ಕೈಗೆ ಹುಡುಗಿಯ ಬೆರಳು ತಗುಲಿತು. ತಣ್ಣಗಿತ್ತು.

‘ಒಂದಕ್ಕೆ ಹೋದ್ಯೇನಮ್ಮ?’

‘ಬೆಳಗ್ಗೆಯಿಂದ ಇಲ್ಲ ಸಿಸ್ಟರ್. ಹೊಟ್ಟೆ ಒಂಥರಾ ನೋವು.’

ದ್ರಾಕ್ಷಾಯಿಣಿಗೆ ಹೆದರಿಕೆಯಾಯಿತು. ಡೆಂಗಿಯಲ್ಲಿ ಜ್ವರ ಬಿಟ್ಟ ದಿನವೇ ಹೆದರಬೇಕಾದ ದಿನ. ರಕ್ತನಾಳಗಳಿಂದ ನೀರು ಒಳಗೊಳಗೇ ಸೋರಿ, ಬಿಪಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಹನ್ನೆರಡಕ್ಕೆ ನೋಡಿದ ಬಿಪಿ ಸರಿಯಾಗಿತ್ತು. ಇನ್ನೊಮ್ಮೆ ನೋಡಬೇಕು, ಡಾಕ್ಟರಿಗೆ ಹೇಳಬೇಕು, ಓವರಿನಲ್ಲಿ ಮೊದಲು ಇದನ್ನೇ ಹೇಳಬೇಕು ಎಂದುಕೊಳ್ಳುತ್ತಿರುವಾಗ ಲಿಂಗರಾಜು ಬಾಗಿಲಿನಿಂದ ಕೂಗಿದ: ‘ಸಿಸ್ಟರ್, ಕುರ್ಚಿ ಖಾಲಿ ಐತೆ, ಬರ್ತೀರಾ? ಆಮೇಲೆ ರಷ್ಷಾಗುತ್ತೆ.’ ಆರು ನಿಮಿಷದ ಕೆಲಸ, ಬಂದು ನೋಡಿದರಾಯಿತು ಎಂದು ಆಕೆ ಹೋದಳು.

ಹಿಂದಿರುಗಿ ಬಂದಾಗ ಮಧ್ಯಾಹ್ನದ ಡ್ಯೂಟಿಯ ಜಯಶೀಲಾ ಕಾಯುತ್ತಿದ್ದಳು. ಇಬ್ಬರೂ ಹಾಸಿಗೆಯಿಂದ ಹಾಸಿಗೆಗೆ ನಡೆದರು. ಹದಿನಾಲ್ಕರ ಮುಂದೆ ನಿಂತು ದ್ರಾಕ್ಷಾಯಿಣಿ ಹಗುರವಾಗಿ ಹೇಳಿದಳು: ‘ಡೆಂಗಿ. ಜ್ವರ ಬಿಟ್ಟಿದೆ. ಹನ್ನೆರಡಕ್ಕೆ ಬಿಪಿ ನಾರ್ಮಲ್.’ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎರಡೂಕಾಲರ ಬಸ್ಸೂ ಸಿಕ್ಕಿತು.

ಸಂಜೆ ನಾಲ್ಕೂವರೆಗೆ ಮನೆಯಲ್ಲಿ ಮೆಣಸಿನಕಾಯಿ ಬಜ್ಜಿಗೆ ಹಿಟ್ಟು ಕಲೆಸುತ್ತಿರುವಾಗ ಫೋನು ಬಂತು. ಹಾಲೇಶಪ್ಪ.

‘ಸಿಸ್ಟರ್, ಆ ಟೀಚರಮ್ಮ ಮೇಲಿಂದ ಓಡಿ ಬಂದಾರೆ ನೋಡ್ರಿ. ಒಳಗೆ ಬಿಡು ಅಂತ ಒಂದೇ ಸಮ ಅಳ್ತಾರೆ. ದೂರು ಕೊಟ್ಟೋರು ನೀವಲ್ರಿ, ಏನ್ ಮಾಡ್ಲಿ?’

‘ಬಿಡಬೇಡ’ ಎಂದಳು ದ್ರಾಕ್ಷಾಯಿಣಿ. ಹೊಟ್ಟೆಯ ಕಿಚ್ಚು ಬಾಯಿಗೆ ಬರಲು ಎಷ್ಟು ಹೊತ್ತು! ‘ಇದೇನ್ ಅವರ ಅಪ್ಪನ ಮನೆನಾ ಬೇಕಾದಾಗ ಬರಕ್ಕೆ?’

‘ಅಲ್ರಿ, ಯಾರದೋ ಬೆರಳು ತಣ್ಣಗಾಗೈತೆ ಅಂತಾರೆ. ಬೆಳಗ್ಗೆಯಿಂದ ಒಂದಕ್ಕೆ ಹೋಗಿಲ್ಲ ಅಂತಾರೆ. ಕಿಟಕಿ ಪಕ್ಕದ ಹಾಸಿಗೆ ಅಂತೆ. ಜಯಶೀಲಾ ಸಿಸ್ಟರ್‌ನ ಕೇಳಿದ್ರೆ, ಓವರ್‌ನಲ್ಲಿ ಅಂಥದ್ದೇನೂ ಹೇಳಿಲ್ಲ, ಕಳಿಸು ಅಂದ್ರು.’

ಕಿಟಕಿ ಪಕ್ಕದ ಹಾಸಿಗೆ ಹದಿನಾಲ್ಕು. ತಣ್ಣನೆಯ ಬೆರಳು ದ್ರಾಕ್ಷಾಯಿಣಿಗೆ ನೆನಪಿತ್ತು, ಸ್ಪಷ್ಟವಾಗಿ ನೆನಪಿತ್ತು. ಹುಡುಗಿ ಹೇಳಿದ ಮಾತೂ ನೆನಪಿತ್ತು. ಆದರೆ ಆ ನೆನಪಿಗೆ ಹೆದರಿಕೆಯೇ ಇರಲಿಲ್ಲ. ಕಳೆದ ವರ್ಷದ ಕ್ಯಾಲೆಂಡರಿನ ಯಾವುದೋ ತಾರೀಖಿನಂತೆ ಅದು ಸುಮ್ಮನೆ ಇತ್ತು. ಹೆದರಿಕೆಯೆಲ್ಲ ಅಲ್ಲಿ, ಆ ಬಾಗಿಲಲ್ಲಿ, ಬೇರೊಬ್ಬ ಹೆಂಗಸಿನ ಹೊಟ್ಟೆಯಲ್ಲಿ ಕೂತು ಅಳುತ್ತಿತ್ತು. ಆಗಲೂ, ನಂಬಿ ಬಿಡಿ, ಒಂದು ಕ್ಷಣ ಆಕೆಗೆ ಮತ್ಸರವೇ ಮೊದಲು ಬಂತು. ನನ್ನ ಭಯ, ಅದನ್ನೂ ತಗೊಂಡಳಾ ಇವಳು!

ಇಪ್ಪತ್ತೆರಡು ವರ್ಷದ ವಿದ್ಯೆಯಂತೂ ತಲೆಯಲ್ಲೇ ಇತ್ತಲ್ಲ. ಹೆದರದೆಯೇ, ಪಾಠ ಒಪ್ಪಿಸುವವಳಂತೆ ಕೂಡಿಸಿ ನೋಡಿದಳು: ಜ್ವರ ಬಿಟ್ಟಿದೆ, ಕೈ ತಣ್ಣಗಿದೆ, ಮೂತ್ರವಿಲ್ಲ, ಹೊಟ್ಟೆನೋವಿದೆ.

‘ಹಾಲೇಶಪ್ಪ, ಅವರನ್ನ ಒಳಗೆ ಬಿಡು. ಈಗಲೇ ಬಿಡು. ಜಯಶೀಲಾಗೆ ಫೋನ್ ಕೊಡು, ಓಡು!’

ಜಯಶೀಲಾ ಹೋಗಿ ನೋಡಿದಾಗ ನಸೀಮಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅಮ್ಮ, ಮಗಳು ನಿದ್ದೆ ಮಾಡುತ್ತಿದ್ದಾಳೆಂದು ಸದ್ದು ಮಾಡದೆ ಕೂತಿದ್ದಳು. ಬಿಪಿ ಎಪ್ಪತ್ತಕ್ಕೆ ಇಳಿದಿತ್ತು, ನಾಡಿ ಕೈಗೆ ಸಿಗುತ್ತಿರಲಿಲ್ಲ. ಡಾಕ್ಟರು ಓಡಿ ಬಂದರು, ಎರಡೂ ಕೈಗೆ ಗ್ಲೂಕೋಸು ಹಾಕಿದರು, ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಎಂಬ ಮಾತನ್ನು ಯಾರೂ ಪೂರ್ತಿ ಮಾಡಲಿಲ್ಲ.

ಹುಡುಗಿ ಉಳಿದಳು. ಮೂರನೆಯ ದಿನ ವಾರ್ಡಿಗೆ ಮರಳಿದಳು. ಅವಳ ಅಮ್ಮ ಅಂಬುಜಾಕ್ಷಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ‘ನೀವೇ ನಮ್ ದೇವ್ರು ಅಮ್ಮ, ನೀವೇ ಉಳಿಸಿದ್ದು’ ಎಂದು ಅತ್ತಳು. ಪಕ್ಕದಲ್ಲಿ ಇಂಜೆಕ್ಷನ್ ಟ್ರೇ ಹಿಡಿದು ನಿಂತಿದ್ದ ದ್ರಾಕ್ಷಾಯಿಣಿಯನ್ನು ಯಾರೂ ನೋಡಲಿಲ್ಲ. ನೋಡದೆ ಇದ್ದದ್ದೇ ಒಳ್ಳೆಯದಾಯಿತು. ನಾಚಿಕೆ ಮತ್ತು ಹೊಟ್ಟೆಕಿಚ್ಚು ಒಟ್ಟಿಗೇ ಬಂದರೆ ಮನುಷ್ಯರ ಮುಖ ನೋಡುವ ಹಾಗಿರುವುದಿಲ್ಲ. ಟ್ರೇ ಇಟ್ಟು ನೆಟ್ಟಗೆ ಡಾ. ಅಣಜಿಯ ಕೋಣೆಗೆ ನಡೆದಳು.

‘ಡಾಕ್ಟ್ರೇ, ನನ್ನ ಸಂಕಟ ನನಗೆ ವಾಪಸ್ ಕೊಡ್ರಿ. ಆ ಹುಡುಗಿ ಸತ್ತಿದ್ರೂ ನಂಗೆ ಏನೂ ಅನ್ನಿಸ್ತಿರ್ಲಿಲ್ಲ. ಬಜ್ಜಿ ಕರೀತಾ ಇರ್ತಿದ್ದೆ ನಾನು!’

ಡಾ. ಅಣಜಿ ಈ ಸಲ ನಗಲಿಲ್ಲ. ಮೂರು ದಿನದಿಂದ ಅವರೂ ಬಳಲಿಕೆಲಯದ ದಾಖಲೆಗಳನ್ನೇ ಹರಡಿಕೊಂಡು ಕೂತಿದ್ದರು.

‘ತಪ್ಪು ನಂದು ಸಿಸ್ಟರ್. ಮೈ ದಣಿಯೋದು, ಮನಸ್ಸಿಗೆ ಒಂದು ಕೆಲಸ ಅಂಟಿಕೊಳ್ಳೋದು, ಇವೆರಡೂ ಬೇರೆ ಬೇರೆ ಅಂದ್ಕೊಂಡಿದ್ದೆ. ಮಿದುಳಿಗೆ ಎರಡೂ ಒಂದೇ ಲಯ. ಯಾರಿಗೂ ಹೇಳದೆ ಉಳಿದ ಕಾಳಜಿ ಇರುತ್ತಲ್ಲ, ಅದು ದಣಿವಿನ ಒಳಗೇ ಸೇರ್ಕೊಂಡಿರುತ್ತೆ. ಇನ್ನೊಬ್ಬರಿಗೆ ಬಾಯಿಬಿಟ್ಟು ಒಪ್ಪಿಸಿದ ಮೇಲೇ ಅದು ಬಿಡಿಸಿಕೊಳ್ಳೋದು. ನೀವು ಒಪ್ಪಿಸೋ ಮೊದಲೇ ಕುರ್ಚಿಗೆ ಬಂದ್ರಿ. ನೆನಪು ನಿಮ್ಮ ಹತ್ರ ಉಳೀತು. ಅದರ ಚುರುಕು ಅವರಿಗೆ ಹೋಯ್ತು. ನೀವೇ ಅಂದ ಹಾಗೆ, ದಿನಾ ಕೇಳಿದ ತಾಳದಿಂದ ಅವರಿಗೆ ಹಾಡೂ ಗೊತ್ತಾಯ್ತು.’

‘ಚುರುಕೇ ಇಲ್ದೆ ನೆನಪಿಟ್ಕೊಂಡು ಏನ್ ಮಾಡ್ಲಿ? ಉಪ್ಪಿನಕಾಯಿ ಹಾಕ್ಲಾ?’

ಅಂದಿನಿಂದ ನಿ‌ಯಮ ಬಿಗಿಯಾಯಿತು. ಓವರ್ ಪೂರ್ತಿ ಕೊಟ್ಟು, ಪಡೆದವಳ ಸಹಿ ತಂದವರಿಗೆ ಮಾತ್ರ ಕುರ್ಚಿ. ಬಸ್ಸು ತಪ್ಪಿದರೆ ತಪ್ಪಲಿ. ನರ್ಸುಗಳು ಗೊಣಗಿದರು, ಆದರೆ ನಸೀಮಾಳ ಸುದ್ದಿ ಕೇಳಿದ್ದ ಯಾರೂ ಜೋರಾಗಿ ಗೊಣಗಲಿಲ್ಲ. ಕುರ್ಚಿಯಲ್ಲಿ ಈಗ ಹಿಂಡಿ ಬರುತ್ತಿದ್ದದ್ದು ಶುದ್ಧ ದಣಿವು. ಕಾಲಿನದು, ಸೊಂಟದ್ದು, ಕಣ್ಣಿನದು, ಅಷ್ಟೇ. ಡಾ. ಅಣಜಿ ಯಂತ್ರ ಪರಿಪೂರ್ಣವಾಯಿತೆಂದು ಮಂಡಳಿಗೆ ವರದಿ ಬರೆದರು.

ವರದಿಯ ಶಾಯಿ ಆರುವ ಮೊದಲೇ ಮೂರನೆಯ ಮಹಡಿಯಿಂದ ಕೂಗು ಎದ್ದಿತು. ಗ್ರಾಹಿಗಳಿಗೆ ನಿದ್ದೆ ಬರುತ್ತಿಲ್ಲ! ಮೊಣಕಾಲು ಸೆಳೆಯುತ್ತದೆ, ಬೆನ್ನು ಮುರಿದುಹೋಗುತ್ತದೆ, ಕಣ್ಣು ಉರಿಯುತ್ತದೆ, ನಿದ್ದೆ ಮಾತ್ರ ಇಲ್ಲ. ದಾನಿಗಳನ್ನು ಬದಲಿಸಿ ನೋಡಿದರು, ಲಯವನ್ನು ಇಮ್ಮಡಿ ಮಾಡಿ ನೋಡಿದರು. ಒಬ್ಬರಿಗೆ ಕಾಲು ಹಿಡಿದುಕೊಂಡದ್ದಷ್ಟೇ ಲಾಭ. ಇಷ್ಟು ದಿನ ಅವರನ್ನು ಮಲಗಿಸುತ್ತಿದ್ದದ್ದು ದಣಿವಲ್ಲ, ದಣಿವಿನೊಳಗೆ ಸೇರಿ ಬರುತ್ತಿದ್ದ ಯಾರದೋ ಚಿಂತೆ. ಒಬ್ಬರಿಗಾಗಿ ದಿನವಿಡೀ ಸವೆದೆ ಎಂಬ ಸಮಾಧಾನ ಸಿಕ್ಕರೆ ಮಾತ್ರ ಮಿದುಳು ದೀಪ ಆರಿಸುತ್ತದೆ ಎಂಬುದನ್ನು ಡಾ. ಅಣಜಿ ತಮ್ಮ ಯಂತ್ರ ಕೆಟ್ಟ ಮೇಲೆ ಕಲಿತರು. ಗ್ರಾಹಿಗಳು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಪಡೆಯುವವರೇ ಇಲ್ಲದ ಮೇಲೆ ಕೊಡುವುದು ಯಾರಿಗೆ? ಕುರ್ಚಿ ನಿಂತಿತು. ಡಬಲ್ ಡ್ಯೂಟಿ ಮಾಡುವುದಿಲ್ಲವೆಂದು ನರ್ಸುಗಳೆಲ್ಲ ಸಹಿ ಹಾಕಿ ಕೊಟ್ಟರು. ಆರು ಜನರನ್ನು ನೇಮಿಸಿ ಎಂದು ಮೇಟ್ರನ್ ಬರೆದ ಪತ್ರಕ್ಕೆ ಮಂಡಳಿ ಇಬ್ಬರನ್ನು ಕೊಟ್ಟಿತು. ಅಷ್ಟಾದರೂ ಕೊಟ್ಟರಲ್ಲ.

ದ್ರಾಕ್ಷಾಯಿಣಿಗೆ ದಣಿವು ಮರಳಿತು. ಮೊದಲ ದಿನ ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ ಹಿಮ್ಮಡಿ ಸಿಡಿಯುತ್ತಿತ್ತು, ಮೂರನೆಯ ಹಾಸಿಗೆಯವಳ ಎಕ್ಸ್‌ರೇ ಏನಾಯಿತೋ ಎಂದು ಮನಸ್ಸು ಕೊರೆಯುತ್ತಿತ್ತು. ‘ಅಯ್ಯಪ್ಪಾ, ಸಾಕಾಯ್ತು’ ಎನ್ನುತ್ತಾ ಗೋಡೆಗೆ ಒರಗಿ ಕೂತಳು. ಹಾಗೆ ಕೂತಲ್ಲಿಯೇ, ಗಂಡ ಚಹಾ ತರುವಷ್ಟರಲ್ಲಿ, ನಿದ್ದೆ ಹೋಗಿದ್ದಳು.

ಹದಿನೈದು ದಿನ ಕಳೆದಿರಬಹುದು. ಬೆಳಗಿನ ಡ್ಯೂಟಿಗೆ ಬರುವಾಗ ಆಸ್ಪತ್ರೆಯ ಗೇಟಿನಲ್ಲಿ ಅಂಬುಜಾಕ್ಷಿ ನಿಂತಿದ್ದರು. ಕಣ್ಣಿನ ಸುತ್ತ ಕಪ್ಪಾಗಿತ್ತು, ದುಂಡುಮುಖ ಇಳಿದಿತ್ತು. ದ್ರಾಕ್ಷಾಯಿಣಿ ಕಂಡೂ ಕಾಣದಂತೆ ದಾಟಿಹೋಗುವವಳಿದ್ದಳು.

‘ಸಿಸ್ಟರ್, ಒಂದು ಮಾತು. ನೀವು ನನ್ನ ಮೇಲೆ ಕೋಪ ಮಾಡ್ಕೊಂಡಿದ್ರಿ, ಗೊತ್ತು.’

‘ಕೋಪ ಅಲ್ಲ ಟೀಚರಮ್ಮ, ಹೊಟ್ಟೆಕಿಚ್ಚು’ ಎಂದಳು ದ್ರಾಕ್ಷಾಯಿಣಿ. ಬೆಳಗ್ಗೆ ಬೆಳಗ್ಗೆ ಸುಳ್ಳು ಹೇಳುವ ತ್ರಾಣ ಆಕೆಗಿರಲಿಲ್ಲ. ‘ನನ್ನ ನಿದ್ದೆ, ನನ್ನ ಹೆಸರು, ನನ್ನ ಜನ, ಎಲ್ಲಾ ನಿಮ್ಮ ಪಾಲಾಯ್ತು ಅಂತ ಉರೀತಿದ್ದೆ.’

ಅಂಬುಜಾಕ್ಷಿ ನಕ್ಕರು. ಆದರೆ ಕಣ್ಣು ತುಂಬಿ ಬಂದವು.

‘ಈಗ ನಂಗೆ ಉರೀತಿದೆ ನೋಡಿ. ದಿನಾ ನೀವು ಕಾಲೆಳ್ಕೊಂಡು ಬಸ್ಸಿಗೆ ಹೋಗೋದನ್ನ ಈ ಗೇಟಲ್ಲಿ ನಿಂತು ನೋಡ್ತೀನಿ. ಎಷ್ಟು ಜನರಿಗಾಗಿ ದಣಿದಿದಾಳಪ್ಪಾ ಈ ಹೆಂಗಸು ಅನ್ನಿಸುತ್ತೆ. ನಮ್ಮೆಜಮಾನ್ರು ಹೋದ್ಮೇಲೆ ನಾನು ಯಾರಿಗಾಗಿ ದಣಿಯಲಿ? ಅಡುಗೆ ಒಬ್ಬಳಿಗೆ, ಬಟ್ಟೆ ಒಬ್ಬಳಿಗೆ. ಆರು ವರ್ಷ ನಂಗೆ ನಿದ್ದೆ ಬರದೇ ಇದ್ದಿದ್ದಲ್ಲ ಸಿಸ್ಟರ್, ನಿದ್ದೆ ಮಾಡೋಕೆ ಕಾರಣನೇ ಇರ್ಲಿಲ್ಲ.’

ದ್ರಾಕ್ಷಾಯಿಣಿ ನಾಲ್ಕು ಹೆಜ್ಜೆ ಮುಂದೆ ಹೋದಳು. ತಾನು ಯಾವುದನ್ನು ಭಾರವೆಂದು ಹಿಂಡಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದಳೋ, ಈ ಹೆಂಗಸು ಅದಕ್ಕಾಗಿ ಗೇಟಿನಲ್ಲಿ ನಿಂತಿದೆ. ತಿರುಗಿ ಬಂದಳು. ಮುಖ ಮಾತ್ರ ಗಂಟು ಹಾಕಿಕೊಂಡೇ ಇತ್ತು.

‘ಬರೀ ತಲೆ ಸವರೋದಲ್ಲ ಮತ್ತೆ. ಬೆಡ್‌ಪ್ಯಾನ್ ಕೊಡ್ಬೇಕಾಗುತ್ತೆ, ಹೊದಿಕೆ ಬದಲಾಯಿಸ್ಬೇಕಾಗುತ್ತೆ. ಹೋಗುವಾಗ ನೋಡಿದ್ದೆಲ್ಲ ನಂಗೆ ಬಾಯಿಬಿಟ್ಟು ಹೇಳಿ ಹೋಗ್ಬೇಕು. ಆಗುತ್ತಾ?’

‘ಆಗುತ್ತೆ’ ಎಂದರು ಅಂಬುಜಾಕ್ಷಿ. ಸ್ಕೂಲಿನಲ್ಲಿ ಮೊದಲ ಬೆಂಚಿನ ಹುಡುಗಿ ಹೇಳುವ ಹಾಗೆ.

ಮೇಟ್ರನ್ ಮೊದಲು ಒಪ್ಪಲಿಲ್ಲ, ದೂರು ಕೊಟ್ಟವಳೇ ಬಂದು ಜಾಮೀನು ನಿಂತಾಗ ಒಪ್ಪಿದರು. ಆ ದಿನ ಅಂಬುಜಾಕ್ಷಿ ಎಂಟರಿಂದ ಒಂದರವರೆಗೆ ಕೂರಲಿಲ್ಲ. ಹನ್ನೊಂದು ಹೊದಿಕೆ ಬದಲಿಸಿದರು, ಒಂದು ಬೇಸಿನ್ ವಾಂತಿ ಚೆಲ್ಲಿ ತೊಳೆದರು. ಒಮ್ಮೆ ಜಾರಿ ಬೀಳುವುದರಲ್ಲಿದ್ದರು, ಇಬ್ಬರು ರೋಗಿಗಳಿಂದ ಬೈಸಿಕೊಂಡರು. ಒಂದೂಕಾಲಿಗೆ ದ್ರಾಕ್ಷಾಯಿಣಿ ಔಷಧಿಯ ಟ್ರೇ ಹಿಡಿದು ವಾರ್ಡಿನ ಆ ತುದಿಯಿಂದ ಬರುವಾಗ ನೋಡುತ್ತಾಳೆ, ಆ ಹೆಂಗಸು ಗೋಡೆಯ ಪಕ್ಕದ ಮರದ ಸ್ಟೂಲಿನ ಮೇಲೆ, ಮಡಚಿದ ಹೊದಿಕೆ ತೊಡೆಯ ಮೇಲಿಟ್ಟುಕೊಂಡು, ಬಾಯಿ ಅರ್ಧ ತೆರೆದು ನಿದ್ದೆ ಹೋಗಿದೆ. ತಲೆಗೆ ಟೊಪ್ಪಿಗೆಯಿಲ್ಲ, ತಂತಿಯಿಲ್ಲ. ತನ್ನದೇ ದಣಿವು, ತನ್ನದೇ ನಿದ್ದೆ.

ದ್ರಾಕ್ಷಾಯಿಣಿಗೆ ಇನ್ನೂ ಆರು ಇಂಜೆಕ್ಷನ್ ಬಾಕಿಯಿತ್ತು, ಆಮೇಲೆ ಓವರ್ ಕೊಡಬೇಕಿತ್ತು. ಹಿಮ್ಮಡಿ ಸಿಡಿಯುತ್ತಿತ್ತು. ಆ ನಿದ್ದೆಯನ್ನು ನೋಡಿ ಆಕೆಗೆ ಮತ್ತೆ ಹೊಟ್ಟೆಕಿಚ್ಚಾಯಿತು. ‘ಐದು ಗಂಟೆ ಕೆಲಸಕ್ಕೇ ಇಂಥಾ ನಿದ್ದೆನಾ, ಪುಣ್ಯವಂತೆ!’ ಎಂದು ಗೊಣಗಿದಳು.

ಅಷ್ಟರಲ್ಲಿ ಕೆಂಚವ್ವ ಕೆಮ್ಮಲು ಬಾಯಿ ತೆರೆದಳು.

‘ಏ ಕೆಂಚವ್ವ, ಮೆಲ್ಲಗೆ ಕೆಮ್ಮು!’ ದ್ರಾಕ್ಷಾಯಿಣಿ ಪಿಸುದನಿಯಲ್ಲೇ ಗದರಿದಳು. ‘ಕಾಣ್ತಿಲ್ವಾ? ನಮ್ಮೋಳು ಒಬ್ಳು ಮಲಗಿದಾಳೆ.’